ಕಮಲಾ ಹ್ಯಾರಿಸ್ ಓಟಿಗೋಸ್ಕರ ‘ಬ್ಲ್ಯಾಕ್’ ಆದರಾ?

ತುಂಗಾತೀರ:
ಮೊನ್ನೆ ಊಟಕ್ಕೆ ಕೂತಾಗ ಸೋದರಮಾವನ ಜೊತೆ ಜೋರು ವಾದ ಆಯಿತು. 2024ರ ಜುಲೈ 31ರಂದು ಶಿಕಾಗೋದಲ್ಲಿ ಕಪ್ಪು ಪತ್ರಕರ್ತರ ಸಮಾವೇಶದಲ್ಲಿ ಟ್ರಂಪ್ ಹೇಳಿದ್ದರಲ್ಲ, ಅಧ್ಯಕ್ಷ ಚುನಾವಣೆಯಲ್ಲಿ ತಮ್ಮ ಎದುರಾಳಿಯಾದ ಹ್ಯಾರಿಸ್ ಮೊದಲು ಬರೀ ಭಾರತೀಯ ಮೂಲದವರು ಅಂತಿದ್ದರು, ಆಮೇಲೆ ಇದ್ದಕ್ಕಿದ್ದ ಹಾಗೆ ಬ್ಲ್ಯಾಕ್ ಆದರು ಅಂತ, ಮಾವ ಅದನ್ನೇ ಹಿಡಿದುಕೊಂಡರು. “ತಾಯಿ ತಮಿಳುನಾಡಿನವರು, ಹೆಸರು ಕಮಲಾ. ಓಟು ಸಿಗುತ್ತೆ ಅಂತ ಆ ಕಡೆ ಹೋದರು ಅಷ್ಟೇ” ಅನ್ನುತ್ತಾರೆ. ನನಗೆ ಒಪ್ಪಿಗೆಯಾಗಲಿಲ್ಲ, ಆದರೆ ಸರಿಯಾಗಿ ಉತ್ತರ ಕೊಡೋಕೂ ಬರಲಿಲ್ಲ. ಗೊತ್ತಿರುವವರು ಹೇಳುತ್ತೀರಾ?

ಹಳೇಪೇಪರ್:
ಮಾವನಿಗೆ ಇಸವಿ ತೋರಿಸಿ. ಹ್ಯಾರಿಸ್ ಮೊದಲ ಚುನಾವಣೆ ಗೆದ್ದದ್ದು 2003ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋದ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಮುಖ್ಯ ಸರ್ಕಾರಿ ಪ್ರಾಸಿಕ್ಯೂಟರ್ ಸ್ಥಾನಕ್ಕೆ. ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮುಗಿಸಿದ್ದು 1986ರಲ್ಲಿ. ಅದು ಕಪ್ಪು ವಿದ್ಯಾರ್ಥಿಗಳೇ ಜಾಸ್ತಿ ಇರುವ ಹೆಸರಾಂತ ಜಾಗ. ಅಲ್ಲೇ ಆಲ್ಫಾ ಕಪ್ಪಾ ಆಲ್ಫಾ ಎಂಬ ಕಪ್ಪು ಹೆಣ್ಣುಮಕ್ಕಳ ಸಂಘಕ್ಕೂ ಸೇರಿದರು. ಓಟಿನ ಲೆಕ್ಕವನ್ನು ಹದಿನೇಳು ವರ್ಷ ಮೊದಲೇ ಯಾರು ಹಾಕುತ್ತಾರೆ? ಅಪ್ಪ ಡೊನಾಲ್ಡ್ ಹ್ಯಾರಿಸ್ ಜಮೈಕಾದವರು. ಅಮ್ಮ ಶ್ಯಾಮಲಾ ಗೋಪಾಲನ್, ಸ್ತನ ಕ್ಯಾನ್ಸರ್ ಸಂಶೋಧಕಿ. ಈ ದೇಶ ನನ್ನ ಮಕ್ಕಳನ್ನು ಕಪ್ಪು ಹುಡುಗಿಯರಾಗಿಯೇ ನೋಡುತ್ತೆ ಅಂತ ಅಮ್ಮನಿಗೆ ಗೊತ್ತಿತ್ತು, ಹಾಗೇ ಗಟ್ಟಿಯಾಗಿ ಬೆಳೆಸಿದರು ಅಂತ ಹ್ಯಾರಿಸ್ ತಮ್ಮ ಆತ್ಮಕಥೆಯಲ್ಲೇ ಬರೆದಿದ್ದಾರೆ.

ಬಯಲುಸೀಮೆ:
ಅದೆಲ್ಲ ಸರಿ ಸರ್. ಆದರೂ ಎಲ್ಲಿ ಯಾವುದನ್ನು ಮುಂದೆ ಮಾಡಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. 2019ರಲ್ಲಿ ಪ್ರಚಾರದ ಹೊತ್ತಲ್ಲೇ ಭಾರತೀಯ ಮೂಲದ ನಟಿ ಮಿಂಡಿ ಕೇಲಿಂಗ್ ಜೊತೆ ಮಸಾಲೆ ದೋಸೆ ಮಾಡುವ ವಿಡಿಯೋ ಬಂತು. 2020ರ ಪಕ್ಷದ ಸಮಾವೇಶದಲ್ಲಿ ಚಿಕ್ಕಮ್ಮಂದಿರನ್ನು ತಮಿಳಿನಲ್ಲಿ ‘ಚಿತ್ತಿ’ ಅಂದರು. ಇದನ್ನು ಕೇಳಬಾರದಾ?

ಹಳೇಪೇಪರ್:
ಕೇಳಿ, ಧಾರಾಳವಾಗಿ ಕೇಳಿ. ಪ್ರಾಸಿಕ್ಯೂಟರ್ ಆಗಿ ಏನು ಮಾಡಿದರು ಅಂತಲೂ ಕೇಳಿ. ಆದರೆ ಇರುವುದನ್ನು ತೋರಿಸಿಕೊಳ್ಳುವುದು ಬೇರೆ, ಇಲ್ಲದ್ದನ್ನು ಹೇಳಿಕೊಳ್ಳುವುದು ಬೇರೆ, ಅಲ್ವಾ? ಒಬಾಮಾಗೂ ಹೀಗೇ ಆಯಿತು. ಅಪ್ಪ ಕೀನ್ಯಾದವರು, ಅಮೆರಿಕದ ಗುಲಾಮಗಿರಿ ಕಂಡ ಮನೆತನ ಅಲ್ಲ, ಹಾಗಾಗಿ ಪೂರ್ತಿ ಕಪ್ಪಲ್ಲ ಅಂತ ಕೆಲವರು ಅಂದರು. ಅವರ ಅಮ್ಮ ಬಿಳಿಯರು, ಆದರೂ 2010ರ ಜನಗಣತಿಯಲ್ಲಿ ಅವರು ಗುರುತು ಹಾಕಿದ್ದು ಬ್ಲ್ಯಾಕ್ ಅನ್ನುವ ಒಂದಕ್ಕೇ. ಅಮೆರಿಕದ ವರ್ಜೀನಿಯಾ ರಾಜ್ಯದ 1924ರ ಕಾನೂನಿನ ಪ್ರಕಾರ ಕಪ್ಪು ರಕ್ತ ಒಂದು ಹನಿ ಇದ್ದರೂ ಬಿಳಿಯರಲ್ಲ. ಬಿಳಿಯರು ಬೇರೆಯವರನ್ನು ಮದುವೆಯಾದರೆ ಅಲ್ಲಿ ಜೈಲು. ಅಮೆರಿಕದ ಸುಪ್ರೀಂ ಕೋರ್ಟ್ ಆ ಮದುವೆ ನಿಷೇಧವನ್ನು ರದ್ದು ಮಾಡಿದ್ದು 1967ರಲ್ಲಿ, ಆಗ ಹ್ಯಾರಿಸ್‌ಗೆ ಎರಡೂವರೆ ವರ್ಷ. ಒಂದು ಹನಿ ಸಾಕು ಅಂತ ಅಷ್ಟು ಕಾಲ ಹೇಳಿದ ದೇಶದಲ್ಲಿ ಈಗ ಅರ್ಧ ಇದ್ದರೂ ಸಾಲದು ಅಂದರೆ ನನಗೆ ಸಿಟ್ಟು ಬರುತ್ತದೆ.

ನ್ಯೂಜೆರ್ಸಿಅಮ್ಮ:
ನನ್ನ ಗಂಡ ಆಫ್ರಿಕನ್ ಅಮೆರಿಕನ್, ನಾನು ಮೈಸೂರಿನವಳು. ಮಗಳಿಗೆ ಏಳು ವರ್ಷ. ಸ್ಕೂಲ್ ಫಾರ್ಮಿನಲ್ಲಿ ಎರಡು ಬಾಕ್ಸಿಗೂ ಟಿಕ್ ಹಾಕಿದೆ, ಅದು ಸುಲಭ. ಕಷ್ಟ ಇರುವುದು ತಲೆ ಬಾಚುವುದರಲ್ಲಿ. ನಮ್ಮಮ್ಮ ಮಾಡುತ್ತಿದ್ದ ಹಾಗೆ ಕೊಬ್ಬರಿ ಎಣ್ಣೆ ಹಚ್ಚಿ ಒಣಕೂದಲು ಬಾಚಿದರೆ ಮಗು ಅಳುತ್ತಿತ್ತು. ಅತ್ತೆಯೇ ಕೂರಿಸಿಕೊಂಡು ಕಲಿಸಿದರು, ಕೂದಲು ಒದ್ದೆ ಮಾಡಿ, ಭಾಗ ಭಾಗ ಮಾಡಿ, ಕ್ರೀಮ್ ಹಚ್ಚಿ, ತುದಿಯಿಂದ ಮೇಲಕ್ಕೆ ಬಿಡಿಸಬೇಕು ಅಂತ. ಶ್ಯಾಮಲಾ ಅವರೂ ಇದನ್ನು ಯಾರ ಹತ್ತಿರವೋ ಕೂತು ಕಲಿತಿರಬೇಕು ಅಂತ ನನಗೆ ಆಗಾಗ ಅನ್ನಿಸುತ್ತದೆ. ಮಗಳು ಅಂಗಡಿಗೆ ಹೋದರೆ ಜನ ನೋಡುವುದು ಅವಳ ಬಣ್ಣವನ್ನು. ಚಿತ್ರಾನ್ನ ತಿಂದು ಬಂದಿದ್ದಾಳೆ ಅಂತ ಯಾರಿಗೂ ಕಾಣಿಸುವುದಿಲ್ಲ. ನಮ್ಮವರಲ್ಲೂ ಅಷ್ಟೇ. ಯುಗಾದಿ ಕಾರ್ಯಕ್ರಮದಲ್ಲಿ ಅವಳು ನನ್ನ ಸೆರಗು ಹಿಡಿದು ನಿಂತಿದ್ದಾಗಲೇ ಹಿರಿಯರೊಬ್ಬರು “ಯಾರ ಮಗು ಇದು?” ಅಂತ ಕೇಳಿದರು.

ತುಂಗಾತೀರ:
ಅಯ್ಯೋ. ಏನು ಹೇಳಿದಿರಿ ಅಕ್ಕ?

ನ್ಯೂಜೆರ್ಸಿಅಮ್ಮ:
ನಾನು ಬಾಯಿ ತೆರೆಯುವ ಮೊದಲೇ ಅವಳು “ಇವ್ರು ನಮ್ಮಮ್ಮ” ಅಂದಳು. ಕನ್ನಡದಲ್ಲೇ.