ಬಾರ್ಬಡೋಸ್ ಕಡೆ ಹೊರಟಿರುವ ಅಲೆ: ಪ್ರಶ್ನೆಗಳನ್ನು ಇಲ್ಲೇ ಕೇಳಿ (2024 ಜೂನ್ 28 – ಜುಲೈ 1)

ವೆದರ್ ಮೇಡಂ (ಶುಕ್ರವಾರ ಬೆಳಿಗ್ಗೆ): ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಇನ್‌ಬಾಕ್ಸ್ ತುಂಬಿ ಹೋಗಿದೆ, ಅದಕ್ಕೇ ಇಲ್ಲೇ ಒಂದು ಕಡೆ ಉತ್ತರ ಬರೆಯುತ್ತೇನೆ. ನಾನು ಫ್ಲೋರಿಡಾದಲ್ಲಿ ಹವಾಮಾನ ಮುನ್ಸೂಚನೆಯ ಕೆಲಸದಲ್ಲಿರುವವಳು. ವಿಷಯ ಇಷ್ಟು. ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಹೊರಟ ಒಂದು ಉಷ್ಣವಲಯದ ಅಲೆ ಅಟ್ಲಾಂಟಿಕ್‌ನಲ್ಲಿ ಪಶ್ಚಿಮಕ್ಕೆ ಬರುತ್ತಿದೆ. ಇದು ಕಡಲ ಅಲೆಯಲ್ಲ, ಪೂರ್ವದಿಂದ ಬೀಸುವ ಗಾಳಿಯಲ್ಲಿ ಕಡಿಮೆ ಒತ್ತಡದ ಒಂದು ಪಟ್ಟಿ, ಜೊತೆಗೆ ಗುಡುಗು ಮೋಡಗಳು. ವರ್ಷಕ್ಕೆ ಇಂಥವು 60ರಷ್ಟು ಬರುತ್ತವೆ. ಜಾಸ್ತಿ ಪಾಲು ಮಳೆ ಸುರಿಸಿ ಸುಮ್ಮನಾಗುತ್ತವೆ. ಇದು ಹಾಗಲ್ಲ ಅಂತ ಕಾಣುತ್ತಿದೆ. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ (ಹರಿಕೇನ್ ಅಂದರೆ ಅಟ್ಲಾಂಟಿಕ್ ಕಡೆಯ ಬಲವಾದ ಚಂಡಮಾರುತ) ನಕ್ಷೆಯಲ್ಲಿ ಕೆಂಪು ಬಣ್ಣ ಹಾಕಿದೆ, ಅಂದರೆ ಚಂಡಮಾರುತವಾಗುವ ಸಾಧ್ಯತೆ ಜಾಸ್ತಿ. ಪ್ರಶ್ನೆ ಕೇಳುವಾಗ ನೀವಿರುವ ಊರು ಬರೆಯಿರಿ.

ಕ್ರಿಕೆಟ್ ಕಿಟ್ಟಿ: ಮೇಡಂ, ನಾವು ಸ್ನೇಹಿತರೆಲ್ಲ ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿದ್ದೇವೆ. ನಾಳೆ ಟಿ20 ವಿಶ್ವಕಪ್ ಫೈನಲ್! ಮ್ಯಾಚ್ ನಡೆಯುತ್ತಾ? ವಾಪಸ್ ಫ್ಲೈಟ್ ಸೋಮವಾರ.

ವೆದರ್ ಮೇಡಂ: ನಾಳೆಯ ಮ್ಯಾಚ್‌ಗೂ ಈ ಅಲೆಗೂ ಸಂಬಂಧ ಇಲ್ಲ. ನಾಳೆ ಮಳೆ ಬಂದರೆ ಅದು ಬೇರೆ ಮೋಡ. ಇದು ಅಲ್ಲಿಗೆ ಮುಟ್ಟೋದು ಭಾನುವಾರ ರಾತ್ರಿ ಇಲ್ಲಾ ಸೋಮವಾರ. ನನಗೆ ಚಿಂತೆ ಇರೋದು ನಿಮ್ಮ ಸೋಮವಾರದ ಫ್ಲೈಟ್‌ದು. ಗಾಳಿ ಬಂದ ಮೇಲಲ್ಲ, ಬರುವ ಮೊದಲೇ ಏರ್‌ಪೋರ್ಟ್ ಮುಚ್ಚುತ್ತಾರೆ. ಇವತ್ತೇ ಟಿಕೆಟ್ ಬದಲಾಯಿಸಿ, ಭಾನುವಾರ ಬೆಳಿಗ್ಗೆಯೊಳಗೆ ಹೊರಡಿ.

ಹ್ಯೂಸ್ಟನ್ ಗೌಡ: ಹ್ಯೂಸ್ಟನ್‌ಗೆ ಬರುತ್ತಾ ಮೇಡಂ?

ವೆದರ್ ಮೇಡಂ: ಬರುವುದಿದ್ದರೂ ಹತ್ತು ದಿನ ದೂರ. ಅಷ್ಟು ಮುಂಚೆ ಊರ ಹೆಸರು ಹಿಡಿದು ಯಾರೂ ಹೇಳಲಾರರು.

ಆರ್ಲ್ಯಾಂಡೊ ದಂಪತಿ: ಮುಂದಿನ ವಾರ ಕೆರಿಬಿಯನ್ ಕ್ರೂಸ್ ಬುಕ್ ಮಾಡಿದ್ದೇವೆ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುತ್ತಾ?

ಟ್ಯಾಂಪಾ ರಾಯರು: ಎಲ್ಲರೂ ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ. ನಾನು ಫ್ಲೋರಿಡಾಕ್ಕೆ ಬಂದು ಎಷ್ಟೋ ವರ್ಷ ಆಯ್ತು. ಜೂನ್‌ನ ಅಲೆ ಯಾವತ್ತೂ ಏನೂ ಆಗಲ್ಲ. ಸಹಾರಾ ಧೂಳು ಅದನ್ನ ಒಣಗಿಸಿಬಿಡುತ್ತೆ. ಟಿವಿಯವರಿಗೆ ಸುದ್ದಿ ಬೇಕು ಅಷ್ಟೇ.

ವೆದರ್ ಮೇಡಂ: ರಾಯರೇ, ಸಾಮಾನ್ಯ ವರ್ಷದಲ್ಲಿ ನಿಮ್ಮ ಮಾತು ಸರಿ. ಜೂನ್‌ನಲ್ಲಿ ಆ ಭಾಗದ ನೀರು ಅಷ್ಟು ಬಿಸಿ ಇರಲ್ಲ, ಧೂಳು ಇರುತ್ತೆ, ಕೆಳಗಿನ ಗಾಳಿ ಒಂದು ಕಡೆ, ಮೇಲಿನ ಗಾಳಿ ಇನ್ನೊಂದು ಕಡೆ ಎಳೆದು ಮೋಡವನ್ನ ಹರಿದು ಹಾಕುತ್ತೆ. ಅದಕ್ಕೇ ಆಫ್ರಿಕಾ ಕಡೆಯ ದೊಡ್ಡ ಹರಿಕೇನ್‌ಗಳು ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಜಾಸ್ತಿ. ಆದರೆ ಈ ವರ್ಷ ಅಲ್ಲಿನ ನೀರಿನಲ್ಲಿ ಜೂನ್‌ಗೇ ಸೆಪ್ಟೆಂಬರ್‌ನ ಶಾಖ ಇದೆ. ಬರೀ ಮೇಲ್ಮೈ ಅಲ್ಲ, ಆಳದವರೆಗೂ ಬೆಚ್ಚಗಿದೆ. ಹರಿಕೇನ್‌ಗೆ 26.5 ಡಿಗ್ರಿ ಸಾಕು, ಅಲ್ಲಿ 28ರ ಆಸುಪಾಸು ಇದೆ. ಧೂಳು ಉತ್ತರದಲ್ಲೇ ಉಳಿದಿದೆ, ಅಲೆ ಅದರ ದಕ್ಷಿಣದ ತೇವದ ಗಾಳಿಯಲ್ಲಿ ಬರುತ್ತಿದೆ. ಇನ್ನು ‘ಯಾವತ್ತೂ’ ಅನ್ನೋದು: 1933ರ ಜೂನ್ 27ರಂದು ಟ್ರಿನಿಡಾಡ್‌ಗೆ ಹರಿಕೇನ್ ಬಡಿದಿತ್ತು. 2021ರ ಜುಲೈ 2ರಂದು ಎಲ್ಸಾ ಬಾರ್ಬಡೋಸ್‌ಗೆ ಹರಿಕೇನ್ ಆಗಿಯೇ ಬಂದಿತ್ತು.

ಟ್ಯಾಂಪಾ ರಾಯರು: ತೊಂಬತ್ತು ವರ್ಷದಲ್ಲಿ ಎರಡು ಉದಾಹರಣೆ ಕೊಟ್ಟರೆ ನನ್ನ ಮಾತೇ ನಿಜ ಆಯ್ತಲ್ಲ?

ಮಯಾಮಿ ಶೆಟ್ಟಿ: ರಾಯರೇ, ಆ ಎರಡರಲ್ಲಿ ಮನೆ ಕಳ್ಕೊಂಡವರ ಹತ್ರ ಹೋಗಿ ಈ ಲೆಕ್ಕ ಹೇಳಿ ನೋಡೋಣ.

ಮಂಗಳೂರು ಬಂದರು: ಮೇಡಂ, ಒಂದು ಅನುಮಾನ. ನಮ್ಮ ಅರಬ್ಬಿ ಸಮುದ್ರವೂ ಬಿಸಿ. 2021ರ ಮೇನಲ್ಲಿ ತೌಕ್ತೆ ಬಂದಾಗ ಉಳ್ಳಾಲ, ಪಡುಬಿದ್ರಿ ಕಡೆ ಕಡಲು ರಸ್ತೆಗೇ ಬಂದಿತ್ತು. ಹಾಗಾದರೆ ಜೂನ್ ಕೊನೆ, ಜುಲೈನಲ್ಲಿ ನಮಗೆ ಅಂಥದ್ದು ಯಾಕೆ ಬರಲ್ಲ?

ವೆದರ್ ಮೇಡಂ: ಒಳ್ಳೇ ಪ್ರಶ್ನೆ. ಮುಂಗಾರು ಗಟ್ಟಿಯಾಗಿ ಕೂತ ಮೇಲೆ ಅರಬ್ಬಿ ಸಮುದ್ರದಲ್ಲಿ ಕೆಳಗಿನ ಗಾಳಿ ಪಶ್ಚಿಮದಿಂದ ಜೋರಾಗಿ ಬೀಸುತ್ತೆ, ಮೇಲೆ ಹದಿನೈದು ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಬೀಸುತ್ತೆ. ಬುಡ ಒಂದು ಕಡೆ, ತಲೆ ಇನ್ನೊಂದು ಕಡೆ ಹೋದರೆ ಚಂಡಮಾರುತ ನೆಟ್ಟಗೆ ನಿಲ್ಲಲ್ಲ. ಅದಕ್ಕೇ ನಿಮಗೆ ಮುಂಗಾರಿಗೆ ಮೊದಲು ಮೇ, ಜೂನ್ ಶುರು, ಆಮೇಲೆ ಅಕ್ಟೋಬರ್, ನವೆಂಬರ್. ಈಗ ಬರುತ್ತಿರುವ ಅಲೆಯ ಮೇಲೆ ಆ ಎಳೆದಾಟ ತುಂಬಾ ಕಡಿಮೆ ಇದೆ. ನನಗೆ ನಿದ್ದೆ ಬಾರದೇ ಇರೋದು ಅದಕ್ಕೇ.

ಹ್ಯೂಸ್ಟನ್ ಗೌಡ: (ಒಂದು ನಕ್ಷೆ ಹಾಕಿದ್ದಾರೆ) ಈ ಕಂಪ್ಯೂಟರ್ ಮಾಡೆಲ್‌ನಲ್ಲಿ ಜುಲೈ 9ಕ್ಕೆ ನೇರ ಟೆಕ್ಸಾಸ್ ತೋರಿಸ್ತಿದೆ. ನೀವು ಹೇಳಕ್ಕಾಗಲ್ಲ ಅಂದ್ರಿ?

ವೆದರ್ ಮೇಡಂ: ಒಂದೇ ಮಾಡೆಲ್‌ನ ಒಂದೇ ಸಲದ ಲೆಕ್ಕ ಅದು. ಆರು ಗಂಟೆ ಬಿಟ್ಟು ಬರುವ ಲೆಕ್ಕ ಬೇರೆ ತೋರಿಸಬಹುದು. ಶೇರ್ ಮಾಡಬೇಡಿ.

ದಾವಣಗೆರೆ ಅಮ್ಮ (ಶುಕ್ರವಾರ ಸಂಜೆ): ಮೇಡಂ, ನನ್ನ ಮಗಳು ಗ್ರೆನೆಡಾದಲ್ಲಿ ಎಂಬಿಬಿಎಸ್ ಓದ್ತಾ ಇದಾಳೆ. ಗೆಳತಿಯರ ಜೊತೆ ಕ್ಯಾರಿಯಾಕೂ ಅನ್ನೋ ಸಣ್ಣ ದ್ವೀಪಕ್ಕೆ ಹೋಗಿದಾಳೆ. ಕಡಲ ಪಕ್ಕದ ಶೀಟ್ ಛಾವಣಿಯ ಗೆಸ್ಟ್‌ಹೌಸ್. ಸೋಮವಾರ ಬೋಟ್‌ನಲ್ಲಿ ವಾಪಸ್ ಅಂತೆ. ಫೋನ್ ಮಾಡಿದ್ರೆ ‘ಬರೀ ಅಲೆ ಅಮ್ಮ, ಸುಮ್ನೆ ಗಾಬರಿ ಆಗ್ಬೇಡ’ ಅಂತಾಳೆ. ಏನು ಮಾಡಲಿ?

ವೆದರ್ ಮೇಡಂ: ಅಮ್ಮ, ಇದನ್ನ ಪೂರ್ತಿ ಓದಿ, ಮಗಳಿಗೂ ಹಾಗೇ ಕಳಿಸಿ. ಈಗ ಅದು ಬರೀ ಅಲೆ ಅಲ್ಲ. ಇವತ್ತು ಸಂಜೆ 5ಕ್ಕೆ ವಾಯುಭಾರ ಕುಸಿತ ಅಂತ ಘೋಷಿಸಿದ್ದಾರೆ, ಬಾರ್ಬಡೋಸ್‌ನಿಂದ ಸುಮಾರು 2000 ಕಿ.ಮೀ. ಪೂರ್ವಕ್ಕಿದೆ. ದ್ವೀಪ ಮುಟ್ಟುವ ಹೊತ್ತಿಗೆ ಹರಿಕೇನ್ ಆಗಬಹುದು ಅಂತ ಮುನ್ಸೂಚನೆ. ನನ್ನ ಭಯ ಆ ಮುನ್ಸೂಚನೆಗಿಂತ ಒಂದು ಹೆಜ್ಜೆ ಮುಂದಿದೆ. ಇದರ ನಡುಭಾಗ ಸಣ್ಣದು. ಸಣ್ಣದು ಅಂದರೆ ಒಳ್ಳೇದು ಅಂತ ಜನ ತಿಳ್ಕೊಳ್ತಾರೆ. ಸಣ್ಣ ಚಂಡಮಾರುತವೇ ಬೇಗ ಬಲ ಕಟ್ಟೋದು, ಮಾಡೆಲ್‌ಗಳು ಪದೇ ಪದೇ ತಪ್ಪು ಲೆಕ್ಕ ಹಾಕೋದೂ ಅಲ್ಲೇ. ಒಳಗೆ ಹೋಗಿ ಅಳೆಯುವ ವಿಮಾನಗಳಿಗೆ ಅದಿನ್ನೂ ತುಂಬಾ ದೂರ. ಅಲ್ಲಿವರೆಗೂ ಉಪಗ್ರಹದ ಚಿತ್ರ ನೋಡಿ ಅಂದಾಜು ಮಾಡುತ್ತೇವೆ. ಹಾಗಾಗಿ ಇವತ್ತು ಕೇಳಿದ ಅಂಕಿ ಭಾನುವಾರಕ್ಕೆ ಎಲ್ಲಿಗೋ ಹಾರಿರಬಹುದು.

ಮಗಳು ನಾಳೆ ಶನಿವಾರದ ಬೋಟ್ ಹಿಡಿಯಲಿ. ಭಾನುವಾರದ್ದು ಬೇಡ. ಎಚ್ಚರಿಕೆ ಬಂದ ಮೇಲೆ ಬೋಟ್ ನಿಲ್ಲಿಸುತ್ತಾರೆ, ಇದ್ದರೂ ಕಡಲು ಕೆಟ್ಟಿರುತ್ತೆ. ಗ್ರೆನೆಡಾ ಮುಟ್ಟಿದ ಮೇಲೆ ಕಾಲೇಜಿನವರನ್ನ ಆಶ್ರಯದ ಕಟ್ಟಡ ಯಾವುದು ಅಂತ ಕೇಳಲಿ. ಶೀಟ್ ಮನೆ ಯಾವ ಕಾರಣಕ್ಕೂ ಬೇಡ, ಆರ್‌ಸಿಸಿ ಛಾವಣಿ ಇರಬೇಕು. ಕಿಟಕಿ ಇಲ್ಲದ ಒಳಕೋಣೆ ಇಲ್ಲಾ ಬಾತ್‌ರೂಮ್. ಪಾಸ್‌ಪೋರ್ಟ್, ಮಾತ್ರೆಗಳು ಪ್ಲಾಸ್ಟಿಕ್ ಕವರ್‌ನಲ್ಲಿ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು. ಕೈಯಲ್ಲಿ ನಗದು, ಕರೆಂಟ್ ಹೋದರೆ ಕಾರ್ಡ್ ನಡೆಯಲ್ಲ. ಗಾಳಿ ಇದ್ದಕ್ಕಿದ್ದಂತೆ ನಿಂತು ಬಿಸಿಲು ಬಂದರೆ ಮುಗೀತು ಅಂತ ಹೊರಗೆ ಬರಬಾರದು. ಅದು ಚಂಡಮಾರುತದ ಕಣ್ಣು, ಅಂದರೆ ನಡುವಿನ ಶಾಂತ ಭಾಗ. ಹಿಂದೆಯೇ ಇನ್ನೊಂದು ಕಡೆಯ ಗಾಳಿ ಬಡಿಯುತ್ತೆ.

ಗ್ರೆನೆಡಾ ಇಷ್ಟು ದಕ್ಷಿಣದಲ್ಲಿದೆ, ಇಲ್ಲಿಗೆ ಹರಿಕೇನ್ ಬರಲ್ಲ ಅಂತ ಅಲ್ಲಿಯವರೂ ನಂಬಿದ್ದರು. 2004ರ ಸೆಪ್ಟೆಂಬರ್‌ನಲ್ಲಿ ಐವನ್ ಹರಿಕೇನ್ ಬಂದು ಹತ್ತರಲ್ಲಿ ಒಂಬತ್ತು ಮನೆಗೆ ಹಾನಿ ಮಾಡಿತು. ಒಂದು ವಿಷಯ ನಿಮಗೆ: ಟವರ್ ಬಿದ್ದರೆ ಎರಡು ಮೂರು ದಿನ ಫೋನ್ ಸಿಗಲ್ಲ. ಅದನ್ನ ಈಗಲೇ ಮಾತಾಡಿಕೊಳ್ಳಿ. ಗ್ರೆನೆಡಾ ನೋಡಿಕೊಳ್ಳೋದು ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿರುವ ಭಾರತದ ಹೈಕಮಿಷನ್. ಅಲ್ಲಿ ಅವಳ ಹೆಸರು, ವಿಳಾಸ ಕೊಟ್ಟಿಡಿ.

ಶಿವಮೊಗ್ಗ ಮಳೆ (ಶನಿವಾರ): ಫಾರ್ವರ್ಡ್: ‘ಕಿಟಕಿ ಗಾಜಿಗೆ ಇಂಟು ಆಕಾರದಲ್ಲಿ ಟೇಪ್ ಅಂಟಿಸಿ, ಒಂದು ಕಡೆಯ ಕಿಟಕಿ ತೆರೆದಿಡಿ, ಒಳಗಿನ ಒತ್ತಡ ಹೊರಗೆ ಹೋಗಿ ಛಾವಣಿ ಉಳಿಯುತ್ತೆ.’ ಎಲ್ಲರಿಗೂ ಉಪಯೋಗ ಆಗಲಿ.

ವೆದರ್ ಮೇಡಂ: ಯಾರೂ ಇದನ್ನ ಮಾಡಬೇಡಿ. ಟೇಪ್ ಹಾಕಿದ ಗಾಜು ಒಡೆಯದೇ ಇರಲ್ಲ, ಒಡೆದರೆ ದೊಡ್ಡ ದೊಡ್ಡ ಚೂರಾಗಿ ಮೈಮೇಲೆ ಬೀಳುತ್ತೆ. ಕಿಟಕಿ ತೆರೆದರೆ ಗಾಳಿ ಒಳನುಗ್ಗಿ ಛಾವಣಿಯನ್ನ ಕೆಳಗಿನಿಂದ ಎತ್ತುತ್ತೆ. ಪ್ಲೈವುಡ್ ಹೊಡೆಯಿರಿ, ಶಟರ್ ಇದ್ದರೆ ಹಾಕಿ.

ಶಿವಮೊಗ್ಗ ಮಳೆ: ಒಳ್ಳೇ ಮನಸ್ಸಿಂದ ಹಾಕಿದ್ದು ಮೇಡಂ. ಸ್ವಲ್ಪ ಮೆತ್ತಗೆ ಹೇಳಬಹುದಿತ್ತು.

ಅಟ್ಲಾಂಟಾ ಹುಡುಗ: ಕಪ್ ನಮ್ದೇ!!! ಏಳು ರನ್!!! ದ್ರಾವಿಡ್ ಮುಖ ನೋಡಿದ್ರಾ!

ಕ್ರಿಕೆಟ್ ಕಿಟ್ಟಿ: ಸ್ಟೇಡಿಯಂನಲ್ಲೇ ಇದ್ದೀವಿ ಗುರೂ, ಅಳು ಬಂತು!!

ಬೆಳಗಾವಿ ಕಾಕಾ: ಸೂರ್ಯನ ಕ್ಯಾಚ್ ಹಗ್ಗಕ್ಕ ತಾಕಿತ್ತು ಅಂತಾರಲ್ಲ?

ಅಟ್ಲಾಂಟಾ ಹುಡುಗ: ಯಾರ್ರೀ ಹೇಳಿದ್ದು? ಸರಿಯಾಗಿ ರೀಪ್ಲೇ ನೋಡಿ ಮಾತಾಡಿ.

ವೆದರ್ ಮೇಡಂ (ಶನಿವಾರ ಸಂಜೆ): ಗೆದ್ದದ್ದು ನನಗೂ ಖುಷಿಯೇ. ಆದರೆ ಕ್ಯಾಚ್ ಜಗಳ ಬೇರೆ ಕಡೆ ಮಾಡಿ, ಇಲ್ಲಿ ಎಚ್ಚರಿಕೆಗಳು ಕೆಳಗೆ ಹೋಗ್ತಿವೆ. ನಿನ್ನೆ ರಾತ್ರಿ ಅದಕ್ಕೆ ಬೆರಿಲ್ ಅಂತ ಹೆಸರು ಬಂತು, ಈಗ ಹರಿಕೇನ್ ಆಗಿದೆ. ಬಾರ್ಬಡೋಸ್‌ಗೆ ಹರಿಕೇನ್ ಎಚ್ಚರಿಕೆ ಇದೆ. ಕಿಟ್ಟಿ, ಟಿಕೆಟ್ ಬದಲಾಯಿಸಿದ್ರಾ?

ಕ್ರಿಕೆಟ್ ಕಿಟ್ಟಿ: ಭಾನುವಾರಕ್ಕೆ ಕೇಳಿದರು ಜಾಸ್ತಿ ದುಡ್ಡು ಮೇಡಂ. ಸೋಮವಾರವೇ ನೋಡೋಣ ಅಂತ.

ವೆದರ್ ಮೇಡಂ: ಸೋಮವಾರ ವಿಮಾನ ಹಾರಲ್ಲ. ಹೋಟೆಲ್‌ನಲ್ಲಿ ಕಡಲ ಕಡೆ ರೂಮ್ ಇದ್ದರೆ ಬದಲಾಯಿಸಿಕೊಳ್ಳಿ, ನೀರು, ಬಿಸ್ಕೆಟ್ ಇವತ್ತೇ ತನ್ನಿ.

ಹ್ಯೂಸ್ಟನ್ ಗೌಡ: ಹ್ಯೂಸ್ಟನ್ ಬಗ್ಗೆ ಅಪ್‌ಡೇಟ್?

ವೆದರ್ ಮೇಡಂ: ಮೇಲೆ ಓದಿ.

ಸೇಂಟ್ ಲೂಸಿಯಾ ಭಟ್ಟರು: ಮುನ್ಸೂಚನೆಯ ಶಂಕುವಿನಾಕಾರದ ನಕ್ಷೆಯಲ್ಲಿ ನಮ್ಮ ದ್ವೀಪ ಅಂಚಿನಲ್ಲಿದೆ. ಹಾಗಾದರೆ ನಾವು ಬಚಾವ್ ಅಲ್ವಾ?

ವೆದರ್ ಮೇಡಂ: ಅಲ್ಲ. ಆ ಶಂಕು ತೋರಿಸೋದು ಚಂಡಮಾರುತದ ನಡುಬಿಂದು ಎಲ್ಲಿ ಹೋಗಬಹುದು ಅಂತ ಮಾತ್ರ, ಅದೂ ಮೂರರಲ್ಲಿ ಎರಡು ಸಲ. ಗಾಳಿ, ಮಳೆ ಶಂಕುವಿನ ಹೊರಗೂ ಇರುತ್ತೆ.

ದಾವಣಗೆರೆ ಅಮ್ಮ (ಭಾನುವಾರ): ಮೇಡಂ, ನಿಮ್ಮ ಮೆಸೇಜ್ ಓದಿ ನಿನ್ನೆ ಬೋಟ್‌ಗೇ ವಾಪಸ್ ಬಂದಳು. ಕಾಲೇಜಿನ ಕಾಂಕ್ರೀಟ್ ಕಟ್ಟಡದಲ್ಲಿದ್ದಾಳೆ. ನಿಮ್ಮ ಉಪಕಾರ ಮರೆಯಲ್ಲ.

ವೆದರ್ ಮೇಡಂ (ಭಾನುವಾರ ಮಧ್ಯಾಹ್ನ): ಸಮಾಧಾನ ಆಯಿತಮ್ಮ. ಎಲ್ಲರೂ ಕೇಳಿ. ಬೆರಿಲ್ ಈಗ ಐದು ದರ್ಜೆಗಳಲ್ಲಿ ನಾಲ್ಕನೇ ದರ್ಜೆಯ ಹರಿಕೇನ್. ಜೂನ್ ತಿಂಗಳಲ್ಲಿ ಅಟ್ಲಾಂಟಿಕ್‌ನ ದಾಖಲೆಯಲ್ಲಿ ಇದು ಮೊದಲು. ಇದಕ್ಕೆ ಮೊದಲು ಅತಿ ಬೇಗ ಆ ದರ್ಜೆ ಮುಟ್ಟಿದ್ದು ಡೆನಿಸ್, 2005ರ ಜುಲೈ 8ಕ್ಕೆ. ಶುಕ್ರವಾರ ಸಂಜೆ ವಾಯುಭಾರ ಕುಸಿತ, ಭಾನುವಾರ ಮಧ್ಯಾಹ್ನ ಇದು. ಸೇಂಟ್ ವಿನ್ಸೆಂಟ್, ಗ್ರೆನೆಡೀನ್ಸ್, ಗ್ರೆನೆಡಾದಲ್ಲಿ ಇರುವವರು ಇದನ್ನ ಓದ್ತಾ ಕೂರಬೇಡಿ, ಈಗಲೇ ಆಶ್ರಯಕ್ಕೆ ಹೋಗಿ.

ಟ್ಯಾಂಪಾ ರಾಯರು: ಬಿಸಿನೀರು, ಹವಾಮಾನ ಬದಲಾವಣೆ ಅಂತ ಈಗ ಎಲ್ಲರೂ ಶುರು ಮಾಡ್ತಾರೆ ನೋಡಿ.

ಮಯಾಮಿ ಶೆಟ್ಟಿ: ಯಾವತ್ತೂ ಏನೂ ಆಗಲ್ಲ ಅಂದವರು ನೀವೇ ಅಲ್ವಾ? ಅದನ್ನ ನಂಬಿ ಯಾರಾದರೂ ಉಳ್ಕೊಂಡಿದ್ರೆ?

ಟ್ಯಾಂಪಾ ರಾಯರು: ನನ್ನ ಅಭಿಪ್ರಾಯ ಹೇಳೋ ಹಕ್ಕು ನನಗಿದೆ. ಏರು ದನಿ ಬೇಡ.

ಮಯಾಮಿ ಶೆಟ್ಟಿ: ಹಕ್ಕು ಇಟ್ಕೊಳ್ಳಿ, ಆ ಕಮೆಂಟ್ ತೆಗೀರಿ.

ಶಿವಮೊಗ್ಗ ಮಳೆ: ಫಾರ್ವರ್ಡ್: ‘ಕರೆಂಟ್ ಹೋದರೆ ಜನರೇಟರನ್ನು ಮಳೆಗೆ ನೆನೆಯದಂತೆ ಅಡುಗೆಮನೆಯಲ್ಲಿ ಇಟ್ಟು ಕಿಟಕಿ ಸ್ವಲ್ಪ ತೆರೆಯಿರಿ.’

ವೆದರ್ ಮೇಡಂ: ಅಳಿಸಿ. ಈಗಲೇ. ಮನೆಯೊಳಗೆ ಜನರೇಟರ್ ಓಡಿಸಿದರೆ ಅದರ ಹೊಗೆಯಲ್ಲಿ ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಮಲಗಿದವರು ಏಳಲ್ಲ. ಕಿಟಕಿ ತೆರೆದರೂ ಅಷ್ಟೇ. ಗಾಳಿಯಲ್ಲಿ ಬದುಕಿದವರು ಆಮೇಲೆ ಇದರಿಂದ ಸಾಯುತ್ತಾರೆ. ಜನರೇಟರ್ ಹೊರಗೆ, ಬಾಗಿಲು ಕಿಟಕಿಯಿಂದ ಆರು ಮೀಟರ್ ಆಚೆ. ಇನ್ನೊಂದು ಫಾರ್ವರ್ಡ್ ಬಂದರೆ ನಿಮ್ಮನ್ನ ಗುಂಪಿನಿಂದ ತೆಗೆಯಲು ಅಡ್ಮಿನ್‌ಗೆ ಹೇಳುತ್ತೇನೆ.

ಕ್ರಿಕೆಟ್ ಕಿಟ್ಟಿ (ಸೋಮವಾರ): ಏರ್‌ಪೋರ್ಟ್ ಮುಚ್ಚಿದೆ, ಇಲ್ಲೇ ಸಿಕ್ಕಿಬಿದ್ದಿದ್ದೀವಿ. ಟೀಮ್‌ನವರೂ ಇಲ್ಲೇ. ಯಾವಾಗ ತೆರೀತಾರೆ ಮೇಡಂ?

ದಾವಣಗೆರೆ ಅಮ್ಮ: ಬೆಳಿಗ್ಗೆಯಿಂದ ಫೋನ್ ಹೋಗ್ತಿಲ್ಲ ಮೇಡಂ.

ವೆದರ್ ಮೇಡಂ (ಸೋಮವಾರ ಮಧ್ಯಾಹ್ನ): ಅಮ್ಮ, ಬೆಳಿಗ್ಗೆ 11ರ ಸುಮಾರಿಗೆ ಕಣ್ಣು ಕ್ಯಾರಿಯಾಕೂ ಮೇಲೇ ಹಾಯ್ದಿದೆ, ಗಂಟೆಗೆ 240 ಕಿ.ಮೀ. ಗಾಳಿ. ಮಗಳು ಇರುವ ದೊಡ್ಡ ದ್ವೀಪ ಅದರ ದಕ್ಷಿಣಕ್ಕಿದೆ, ಅಲ್ಲೂ ಕರೆಂಟ್, ಫೋನ್ ಹೋಗಿದೆ. ಫೋನ್ ಸಿಗದೇ ಇರೋದು ನಾವು ಮೊದಲೇ ಅಂದುಕೊಂಡದ್ದೇ. ಅವಳು ಗಟ್ಟಿ ಕಟ್ಟಡದಲ್ಲಿದ್ದಾಳೆ. ಕಾಲೇಜಿನ ಪೇಜ್ ನೋಡ್ತಾ ಇರಿ, ರಾತ್ರಿ ನಾನೂ ನಿಮಗೆ ಫೋನ್ ಮಾಡುತ್ತೇನೆ.

ಕಿಂಗ್‌ಸ್ಟನ್ ಕನ್ನಡಿಗ: ಜಮೈಕಾಕ್ಕೆ ಯಾವಾಗ ಮೇಡಂ? ಮನೆ ಗುಡ್ಡದ ಬುಡದಲ್ಲಿದೆ, ಪಕ್ಕದಲ್ಲೇ ಮಳೆನೀರಿನ ದೊಡ್ಡ ಚರಂಡಿ.

ವೆದರ್ ಮೇಡಂ: ಬುಧವಾರ. ಮಂಗಳವಾರ ಸಂಜೆಯೊಳಗೆ ಎಲ್ಲ ಮುಗಿಸಿ. ಆ ಮನೆಯಲ್ಲಿ ಇರಬೇಡಿ, ಗುಡ್ಡ ಜಾರುತ್ತೆ, ಚರಂಡಿ ಉಕ್ಕುತ್ತೆ. ಎತ್ತರದಲ್ಲಿ ಸಮತಟ್ಟಾದ ಜಾಗದ ಸ್ನೇಹಿತರ ಮನೆ ಇದ್ದರೆ ಇವತ್ತೇ ಕೇಳಿಡಿ.

ಹ್ಯೂಸ್ಟನ್ ಗೌಡ: ಈಗಲಾದ್ರೂ ಹೇಳ್ತೀರಾ? ಸಿಡುಕದೇ ಹೇಳಿ.

ವೆದರ್ ಮೇಡಂ: ಶುಕ್ರವಾರದ ಹೊತ್ತಿಗೆ ಮೆಕ್ಸಿಕೋದ ಯುಕಟಾನ್ ದಾಟುವ ಲೆಕ್ಕ. ಆಮೇಲೆ ಕೇಳಿ. ಅಷ್ಟರಲ್ಲಿ ಒಂದು ವಾರದ ಮಾತ್ರೆ, ನೀರು, ಟಾರ್ಚ್ ಸೆಲ್ ಮನೆಯಲ್ಲಿ ತಂದಿಡಿ, ಕಾರಿಗೆ ಪೆಟ್ರೋಲ್ ತುಂಬಿಸಿಡಿ. ಇವತ್ತು ಜಮೈಕಾದವರು ಮಾತ್ರ ಕೇಳಿ.