ಮಾತು ಬಿಟ್ಟು ಇನ್ವರ್ಟರ್ ಥರ ಬೀಪ್ ಹೊಡೆಯುತ್ತಿರುವ ಗಿಳಿ: ಬೇಗ ಪರಿಹಾರ ಹೇಳಿ

ನವನಗರ_ಬಾಗಲಕೋಟೆ:
ತಲೆ ಕೆಟ್ಟು ಹೋಗಿದೆ. ನಮ್ಮ ಚಿನ್ನಿ ಒಂದು ವರ್ಷದಿಂದ "ಯಾರ್ರೀ ಬಂದ್ರು", "ಚಹಾ ಕುಡೀರಿ" ಅಂತ ಚೆಂದ ಮಾತಾಡುತ್ತಿತ್ತು. ಮೂರು ವಾರದಿಂದ ಒಂದು ಮಾತಿಲ್ಲ, ಬರೀ ಇನ್ವರ್ಟರ್ ಬೀಪ್. ನಿನ್ನೆ ಬೆಳಗಿನ ಐದಕ್ಕೆ ಎದ್ದು, ಇನ್ವರ್ಟರ್ ಆಫ್ ಮಾಡಿದೆ. ಬೀಪ್ ನಿಲ್ಲಲಿಲ್ಲ. ತಿರುಗಿ ನೋಡಿದರೆ ಇದು ತಲೆ ಓರೆ ಮಾಡಿ ನನ್ನನ್ನೇ ನೋಡುತ್ತಿದೆ. ಕಾಳು ಬದಲಾಯಿಸಿದೆ, ವಿಟಮಿನ್ ಹಾಕಿದೆ, ಏನೂ ಉಪಯೋಗ ಇಲ್ಲ.

ಕುಂದಾ_ಬೆಳಗಾವಿ:
ಯಾವ ಗಿಳಿ ಅಂತಾನೇ ಬರೆದಿಲ್ಲವಲ್ಲ ಸರ್. ನಮ್ಮ ಕಡೆಯ ಹಸಿರು ಗಿಳಿ ಆದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮನೆಯಲ್ಲಿ ಇಡುವಂತಿಲ್ಲ.

ನವನಗರ_ಬಾಗಲಕೋಟೆ:
ಅಲ್ರೀ, ಲವ್ ಬರ್ಡ್. ನೀಲಿದು.

ಗುಮ್ಮಟ_ಗೂಡು:
ಮಾತಾಡುವ ನೀಲಿ ಲವ್ ಬರ್ಡಾ? ಅದು ಬಜ್ಜಿ, ಬಜರಿಗಾರ್ ಅನ್ನೋ ಸಣ್ಣ ಗಿಳಿ. ಅಂಗಡಿಯವರು ಎಲ್ಲದಕ್ಕೂ ಲವ್ ಬರ್ಡ್ ಅಂತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬಜ್ಜಿ ಆಸ್ಟ್ರೇಲಿಯಾದ್ದು.

ನವನಗರ_ಬಾಗಲಕೋಟೆ:
ಗಿರ್ಮಿಟ್ ಜೊತೆ ತಿನ್ನೋ ಬಜ್ಜಿಯಾದರೂ ಅನ್ನಿ, ಮಾತು ಯಾಕೆ ಬಿಟ್ಟಿತು ಹೇಳಿ!

ಕುಂದಾ_ಬೆಳಗಾವಿ:
ಸೂರ್ಯಕಾಂತಿ ಬೀಜ ಜಾಸ್ತಿ ಆಗಿರಬೇಕು. ಕೊಬ್ಬು. ಇವತ್ತೇ ನಿಲ್ಲಿಸಿ.

ನವನಗರ_ಬಾಗಲಕೋಟೆ:
ಸೂರ್ಯಕಾಂತಿ ಹಾಕೋದೇ ಇಲ್ಲ. ನವಣೆ, ಸಜ್ಜೆ, ಮೆಂತ್ಯ ಸೊಪ್ಪು.

ಕುಂದಾ_ಬೆಳಗಾವಿ:
ಮಿಕ್ಸ್ ಪ್ಯಾಕೆಟ್‌ನಲ್ಲಿ ಸೇರಿರುತ್ತೆ, ಸರಿಯಾಗಿ ನೋಡಿ. ತೂಕ ಎಷ್ಟು?

ನವನಗರ_ಬಾಗಲಕೋಟೆ:
34 ಗ್ರಾಂ. ಅಕ್ಕಸಾಲಿಗ ಗೆಳೆಯನ ತಕ್ಕಡಿಯಲ್ಲಿ ತೂಗಿದ್ದು. ಪ್ಯಾಕೆಟ್ ತರೋದಿಲ್ಲ ಅಂದೆನಲ್ರೀ.

ಮುಧೋಳದ_ಅಕ್ಕ:
ತೂಕ ಸರಿಯಾಗಿದೆ. ಗರಿ ಉಬ್ಬಿಸಿ ಕೇಜ್ ತಳದಲ್ಲಿ ಕೂತಿದ್ದರೆ ಇವತ್ತೇ ಡಾಕ್ಟರ್ ಹತ್ತಿರ ಹೋಗಿ ಅಂತಿದ್ದೆ. ಬೀಪ್ ಇಷ್ಟು ಚೆನ್ನಾಗಿ ಬರುತ್ತಿದ್ದರೆ ಸಿರಿಂಕ್ಸ್‌ಗೆ ಏನೂ ಆಗಿಲ್ಲ. ಪಕ್ಷಿಗಳ ದನಿ ಹುಟ್ಟೋದು ಅಲ್ಲೇ, ಶ್ವಾಸನಾಳ ಎರಡಾಗಿ ಕವಲೊಡೆಯೋ ಜಾಗದಲ್ಲಿ. ಗಿಳಿ ಜಾತಿಯವು ದಪ್ಪ ನಾಲಿಗೆ ಆಡಿಸಿ ಅದನ್ನು ತಿದ್ದುತ್ತವೆ. ಕಾಡಿನಲ್ಲಿ ಅವು ತಮ್ಮ ಗುಂಪಿನ ಕೂಗು ಕಲಿತು ಗುಂಪಿನ ಜೊತೆ ಬೆರೆಯುತ್ತವೆ. ಮನೆಯಲ್ಲಿ ನೀವೇ ಗುಂಪು. "ಚಹಾ ಕುಡೀರಿ" ಕಲಿಸಿದ್ದು ಯಾರು?

ನವನಗರ_ಬಾಗಲಕೋಟೆ:
ಅವ್ವ. ತಂಗಿಯ ಎರಡನೇ ಬಾಣಂತನಕ್ಕೆ ಜಮಖಂಡಿಗೆ ಹೋಗಿ ಒಂದು ತಿಂಗಳಾಯಿತು. ಅದಕ್ಕೇ ಕೇಜ್ ಅಡುಗೆಮನೆಯಿಂದ ತೆಗೆದು ಹಾಲ್‌ನಲ್ಲಿ ಇನ್ವರ್ಟರ್ ಪಕ್ಕ ಇಟ್ಟೆ. ಯಾಕೆ?

ಮುಧೋಳದ_ಅಕ್ಕ:
ಇದನ್ನು ಮೊದಲೇ ಹೇಳೋದಲ್ವಾ ತಮ್ಮಾ! ಮಾತಾಡಿಸುವವರು ಹೋದರು, ಪಕ್ಕದಲ್ಲಿ ಮಾತಾಡೋದು ಇನ್ವರ್ಟರ್ ಒಂದೇ. ಅದು ಬೀಪ್ ಅಂದಾಗಲೆಲ್ಲ ನೀನು ಓಡಿ ಬರ್ತೀಯ. ಚಿನ್ನಿ ಅದನ್ನು ನೋಡಿಕೊಂಡಿದೆ. ಕೂಗಿದ್ದನ್ನೆಲ್ಲ ವಾಪಸ್ ಕೊಡೋಕೆ ಅದೇನು ಗೋಳಗುಮ್ಮಟವಾ? ಯಾವ ದನಿಗೆ ಜನ ಬರ್ತಾರೋ ಅದನ್ನೇ ಆರಿಸಿಕೊಳ್ಳುತ್ತೆ.

ಗುಮ್ಮಟ_ಗೂಡು:
ಬುದ್ಧಿ ಅಂದರೆ ಆಫ್ರಿಕನ್ ಗ್ರೇ ಗಿಳಿ. ನನ್ನದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. 8 ಅಡಿ ಕೇಜ್, ನಾನೇ ವೆಲ್ಡಿಂಗ್ ಮಾಡಿಸಿದ್ದು. ಬಾಟಲಿ ಮುಚ್ಚಳ ತಿರುವಿ ತೆಗೆದು ನನ್ನ ತಲೆ ಮೇಲೆ ಬೀಳಿಸುತ್ತೆ, ನಾನು ಎತ್ತಿಕೊಟ್ಟರೆ ಮತ್ತೆ ಬೀಳಿಸುತ್ತೆ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ತಂದ ಅಲೆಕ್ಸ್ ಕೂಡ ಗ್ರೇನೇ. 100ಕ್ಕೂ ಹೆಚ್ಚು ಪದ, ಬಣ್ಣ, ಆಕಾರ ಎಲ್ಲ ಹೇಳುತ್ತಿತ್ತು.

ಕುಂದಾ_ಬೆಳಗಾವಿ:
ಪದದ ಲೆಕ್ಕ ಬಂದರೆ ಬಜ್ಜಿನೇ ಮುಂದೆ. ಕ್ಯಾಲಿಫೋರ್ನಿಯಾದ ಪಕ್, 1,728 ಪದ, ಗಿನ್ನೆಸ್ ದಾಖಲೆ.

ಗುಮ್ಮಟ_ಗೂಡು:
ಅರ್ಥ ಗೊತ್ತಿದ್ದು ಹೇಳೋದೇ ಬೇರೆ, ಸುಮ್ನೆ ಒದರೋದೇ ಬೇರೆ ಸರ್.

ನವನಗರ_ಬಾಗಲಕೋಟೆ:
ಅಕ್ಕಾ, ಅವ್ವನ ದನಿ ರೆಕಾರ್ಡ್ ಮಾಡಿ ದಿನವಿಡೀ ಹಾಕಲಾ?

ಮುಧೋಳದ_ಅಕ್ಕ:
ಅದೊಂದನ್ನೇ ನೆಚ್ಚಬೇಡ. ಪೆಪ್ಪರ್‌ಬರ್ಗ್ ಗ್ರೇ ಗಿಳಿಗಳಿಗೆ ಬರೀ ವಿಡಿಯೋ ತೋರಿಸಿ ನೋಡಿದ್ದರು, ಕಲಿಯಲಿಲ್ಲ. ಎದುರಿಗೆ ಉತ್ತರ ಕೊಡೋರು ಬೇಕು. ಅವ್ವನಿಗೆ ವಿಡಿಯೋ ಕಾಲ್ ಹಚ್ಚು. ಕೇಜ್ ಜಾಗ ಬದಲಿಸು. ಬೀಪ್‌ಗೆ ತಿರುಗಿ ನೋಡಬೇಡ, ಬೇರೆ ಏನೇ ಗೊಣಗಿದರೂ ಹತ್ತಿರ ಹೋಗಿ ಮಾತಾಡಿಸು.

ನವನಗರ_ಬಾಗಲಕೋಟೆ: (ನಾಲ್ಕು ದಿನದ ಮೇಲೆ)
ನಿನ್ನೆ ಕಾಲ್ ಮಾಡಿದ್ವಿ. "ಚಿನ್ನೀ, ಚಹಾ ಆತೇನ?" ಅಂದಳು ಅವ್ವ. ಸರಳು ಹಿಡಿದು ಸರಸರ ಫೋನ್ ಹತ್ತಿರ ಬಂತು. ಕಣ್ಣಿನ ಪಾಪೆ ಸಣ್ಣದು, ದೊಡ್ಡದು ಆಗುತ್ತಿತ್ತು. ಏನೋ ಗೊಣಗಿತು, "ಚಹಾ" ಅಂದ ಹಾಗೆ ಇತ್ತು. ಆಮೇಲೆ ಜೋರಾಗಿ ಬೀಪ್. ಆ ಕಡೆಯಿಂದ ಅವ್ವ, "ಏ, ಕರೆಂಟ್ ಹೋತೇನ ನೋಡು!" ಅಂದಳು.

ಕುಂದಾ_ಬೆಳಗಾವಿ:
ಗೊಣಗಿತಲ್ಲ! ಸೂರ್ಯಕಾಂತಿ ನಿಲ್ಲಿಸಿದ್ದರ ಪರಿಣಾಮ.

ಇಂಡಿ_ನಿಂಬೆ:
ಗುಮ್ಮಟ ಸರ್, ಆ 8 ಅಡಿ ಕೇಜ್‌ಗೆ ಯಾವ ಗೇಜ್ ಜಾಳಿಗೆ ಹಾಕಿಸಿದಿರಿ? ವೆಲ್ಡಿಂಗ್‌ಗೆ ಎಷ್ಟಾಯ್ತು?