ಜವಳಾ ಸಿಗಡಿಯ ಕಾಲುಗಳಿಗೆ ಹೆಸರಿಡುವುದು ಹೇಗೆ?

ಮಾನ್ಯರೇ,

ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರವನ್ನು ಕನ್ನಡದಲ್ಲಿ ಓದುವ ಪದವಿ ವಿದ್ಯಾರ್ಥಿಗಳಿಗಾಗಿ ಪ್ರಯೋಗಶಾಲೆಯ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಅಸೆಟಿಸ್ ಇಂಡಿಕಸ್ ಎಂಬ ಪುಟ್ಟ ಕಡಲ ಸಿಗಡಿಯನ್ನು ವಿವರಿಸುವಾಗ ಅಂಗಗಳ ಹೆಸರುಗಳ ವಿಷಯದಲ್ಲಿ ಕೆಲವು ಸಂದೇಹಗಳು ಎದ್ದಿದ್ದು, ಅವನ್ನು ತಮ್ಮ ಮುಂದಿಡುತ್ತಿದ್ದೇನೆ. ಅವುಗಳಲ್ಲಿ ಮುಖ್ಯವಾದದ್ದು ಇದು: ಈ ಜೀವಿಯ ಕಾಲುಗಳನ್ನು ಅವು ಮಾಡುವ ಕೆಲಸದಿಂದ ಹೆಸರಿಸಬೇಕೋ, ಅವು ಹುಟ್ಟಿರುವ ಜಾಗದಿಂದ ಹೆಸರಿಸಬೇಕೋ?

ಕಡಲೇ ಇಲ್ಲದ ನಮ್ಮ ಜಿಲ್ಲೆಯಲ್ಲಿ ಈ ಪ್ರಾಣಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮಹಾರಾಷ್ಟ್ರ ಮತ್ತು ಗುಜರಾತಿನ ಕರಾವಳಿಯಲ್ಲಿ ಇದನ್ನು ಹೇರಳವಾಗಿ ಹಿಡಿದು ಬಿಸಿಲಿಗೆ ಒಣಗಿಸುತ್ತಾರೆ. ಹಾಗೆ ಒಣಗಿದ ಸಿಗಡಿ ನಮ್ಮ ಪೇಟೆಯ ಒಣಮೀನಿನ ಅಂಗಡಿಗಳಿಗೂ ಬರುತ್ತದೆ. ಒಂದು ಹಿಡಿ ಕೊಂಡು ತಂದರೆ ಇಡೀ ತರಗತಿಗೆ ಸಾಲುವಷ್ಟು ಮಾದರಿಗಳು ದೊರೆಯುತ್ತವೆ. ಬೆಳೆದ ಹೆಣ್ಣು ಸಾಮಾನ್ಯವಾಗಿ 4 ಸೆಂಟಿಮೀಟರ್ ದಾಟುವುದಿಲ್ಲ, ಗಂಡು ಅದಕ್ಕಿಂತಲೂ ಚಿಕ್ಕದು. ಫ್ರಾನ್ಸಿನ ಪ್ರಾಣಿವಿಜ್ಞಾನಿ ಮಿಲ್ನ್ ಎಡ್ವರ್ಡ್ಸ್ ಅವರು ಇದಕ್ಕೆ 1830ರಲ್ಲಿ ಶಾಸ್ತ್ರೀಯ ಹೆಸರನ್ನು ಕೊಟ್ಟರು.

ಊರ ಹೆಸರಿನ ತೊಡಕನ್ನು ಮೊದಲು ಹೇಳಿಬಿಡುತ್ತೇನೆ. ಮರಾಠಿಯಲ್ಲಿ ಇದು ಜವಳಾ. ಬೀದರ್ ಕಡೆಯ ವಿದ್ಯಾರ್ಥಿಗಳಿಗೆ ಆ ಪದ ಪರಿಚಿತ. ಉರ್ದು ಮಾತನಾಡುವ ಮನೆಗಳಲ್ಲಿ ದೊಡ್ಡದು ಚಿಕ್ಕದು ಎಂಬ ಭೇದವಿಲ್ಲದೆ ಎಲ್ಲವೂ ಝಿಂಗಾ. ಕರಾವಳಿಯ ಕನ್ನಡಿಗರು ಶೆಟ್ಲಿ ಎನ್ನುತ್ತಾರಾದರೂ ಆ ಮಾತು ನಮ್ಮಲ್ಲಿ ಯಾರಿಗೂ ತಿಳಿಯದು. ಜವಳಾ ಎಂದೇ ಬರೆಯೋಣವೆಂದರೆ, ಮಗುವಿನ ಮೊದಲ ಕೂದಲು ತೆಗೆಸುವುದಕ್ಕೆ ನಮ್ಮಲ್ಲಿ ಜವಳ ಎಂಬ ಮಾತಿದೆ; ಕಿವಿಗೆ ಎರಡೂ ಒಂದೇ ಆಗಿ ಕೇಳಿಸುತ್ತವೆ. ಆದಕಾರಣ ಜವಳಾ ಸಿಗಡಿ ಎಂದು ಎರಡು ಪದ ಸೇರಿಸಿ ಬರೆದಿದ್ದೇನೆ. ಸಿಗಡಿಯೋ ಸೀಗಡಿಯೋ ಎಂಬುದರಲ್ಲಿ ನನಗೆ ಹಟವಿಲ್ಲ, ಒಂದೇ ಪುಸ್ತಕದೊಳಗೆ ಒಂದೇ ರೂಪವಿದ್ದರೆ ಸಾಕು.

ಇನ್ನು ಕಾಲುಗಳ ವಿಷಯ. ಸಿಗಡಿಯ ದೇಹದಲ್ಲಿ ತಲೆಯ 5, ಎದೆಯ 8, ಹಿಂಭಾಗದ 6 ಖಂಡಗಳನ್ನು ಎಣಿಸುವುದು ರೂಢಿ, ಕೊನೆಯಲ್ಲಿ ಮೊನಚಾದ ಬಾಲದ ತುಂಡು. ತಲೆಯಲ್ಲಿ ಎರಡು ಜೊತೆ ಕುಡಿಮೀಸೆಗಳೂ ಮೂರು ಜೊತೆ ದವಡೆಯ ಅಂಗಗಳೂ ಇರುತ್ತವೆ. ಎದೆಯ ಎಂಟು ಜೊತೆಗಳಲ್ಲಿ ಮೊದಲ ಮೂರು ಆಹಾರವನ್ನು ಬಾಯಿಗೆ ದೂಡುತ್ತವೆ, ಉಳಿದ ಐದು ಜೊತೆಗಳು ನಾವು ಸಾಮಾನ್ಯವಾಗಿ ಕಾಲು ಎಂದು ಕರೆಯುವಂಥವು. ಹಿಂಭಾಗದ ಮೊದಲ ಐದು ಖಂಡಗಳ ಅಡಿಯಲ್ಲಿ ಈಜಲು ನೆರವಾಗುವ ಐದು ಜೊತೆಗಳಿದ್ದು, ಆರನೆಯ ಖಂಡದ ಜೊತೆ ಅಗಲವಾಗಿ ಬಾಲದ ಬೀಸಣಿಗೆಯಾಗುತ್ತದೆ. ಎದೆಯ ಈ ಹತ್ತು ಕಾಲುಗಳಿಂದಾಗಿಯೇ ಇಡೀ ಗಣಕ್ಕೆ ದಶಪಾದಿ ಎಂಬ ಹೆಸರು ಬಂದಿದೆ.

ಜವಳಾ ಸಿಗಡಿಯನ್ನು ಗುರುತಿಸುವ ಮೊದಲ ಲಕ್ಷಣವಾದರೋ ಆ ಹತ್ತರಲ್ಲಿ ಆರೇ ಇರುವುದು. ನಾಲ್ಕನೆಯ ಮತ್ತು ಐದನೆಯ ಜೊತೆಗಳು ಇದರಲ್ಲಿ ಬೆಳೆಯುವುದಿಲ್ಲ. ಗಂಡಿನಲ್ಲಿ ಮಾತ್ರ ಆ ಜಾಗದಲ್ಲಿ ಒಂದು ಜೊತೆ ಸಣ್ಣ ಉಬ್ಬುಗಳು ಕಾಣುತ್ತವೆ. ಇರುವ ಮೂರು ಜೊತೆಗಳೂ ತೆಳ್ಳಗಿದ್ದು, ತುದಿಯಲ್ಲಿ ಭೂತಗನ್ನಡಿಯಿಲ್ಲದೆ ಕಾಣದಷ್ಟು ಚಿಕ್ಕ ಇಕ್ಕಳಗಳಿವೆ, ಮೂರನೆಯ ಜೊತೆ ಎಲ್ಲಕ್ಕಿಂತ ಉದ್ದ. ಹೀಗಾಗಿ ವಿದ್ಯಾರ್ಥಿಯು ಕಾಲುಗಳನ್ನು ತಪ್ಪಿಲ್ಲದೆ ಎಣಿಸುವುದರ ಮೇಲೆಯೇ ಗುರುತಿಸುವಿಕೆ ನಿಂತಿದೆ, ಆ ಎಣಿಕೆ ಸರಿಯಾಗುವುದು ನಾವು ಕೊಡುವ ಹೆಸರುಗಳ ಮೇಲೆ ನಿಂತಿದೆ. ಕೈಪಿಡಿಯಲ್ಲಿ ಬರಿದೇ ಕಾಲು ಎಂದು ಬರೆದರೆ, ಬಾಯಿಯ ಬಳಿಯ ಮೂರನೆಯ ಜೊತೆಯನ್ನೂ ಅವನು ಎಣಿಕೆಗೆ ಸೇರಿಸುತ್ತಾನೆ, ಏಕೆಂದರೆ ಈ ಪ್ರಾಣಿಯಲ್ಲಿ ಅದು ಕಾಲಿನಂತೆಯೇ ನೀಳವಾಗಿದೆ.

ಚಾಲ್ತಿಯಲ್ಲಿರುವ ಪಠ್ಯಗಳ ಜಾಡಿನಲ್ಲಿ ನಡೆದರೆ ದವಡೆಗಾಲು, ನಡೆಗಾಲು, ಈಜುಗಾಲು ಎಂಬ ಮೂರು ಪದಗಳು ಸಿಗುತ್ತವೆ. ಅಚ್ಚಗನ್ನಡದ ಈ ಪದಗಳು ನಾಲಗೆಗೂ ಸುಲಭ. ಭೀಮಾ ನದಿಯ ಸಿಗಡಿಯನ್ನು ವಿವರಿಸುವಾಗ ಯಾವ ಅಡ್ಡಿಯೂ ಬರುವುದಿಲ್ಲ, ಅದು ನಿಜವಾಗಿಯೂ ತಳದ ಮರಳಿನ ಮೇಲೆ ನಡೆಯುವ ಪ್ರಾಣಿ. ಜವಳಾ ಸಿಗಡಿಯಾದರೋ ನೀರಿನ ನಡುವೆ ಗುಂಪುಗುಂಪಾಗಿ ತೇಲುತ್ತ ಈಜುತ್ತ ಬದುಕುವಂಥದು. ನಡೆಯದ ಪ್ರಾಣಿಗೆ ನಡೆಗಾಲು ಎಂದು ಬರೆಯುವಾಗ ನನ್ನ ಕೈ ತಡೆಯುತ್ತದೆ. ಈಜುಗಾಲಿನ ಪಾಡೂ ಹೀಗೆಯೇ: ಗಂಡಿನಲ್ಲಿ ಅದರ ಮೊದಲ ಜೊತೆಗೆ ಕೂಡುವಿಕೆಗೆ ಬೇಕಾದ ವಿಶೇಷ ಅಂಗವೊಂದು ಅಂಟಿಕೊಂಡಿದೆ, ಭೀಮೆಯ ಹೆಣ್ಣು ಸಿಗಡಿಯಲ್ಲಿ ಅವೇ ಕಾಲುಗಳು ಮೊಟ್ಟೆಗಳನ್ನು ಹೊತ್ತುಕೊಂಡಿರುತ್ತವೆ. ಕೆಲಸ ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ, ಜಾಗ ಬದಲಾಗುವುದಿಲ್ಲ. ದವಡೆಗಾಲುಗಳನ್ನು ಬಿಟ್ಟು ಎದೆಯ ಉಳಿದ ಐದು ಜೊತೆಗಳಿಗೆ ಎದೆಗಾಲು ಎಂಬ ಹೆಸರಿನ ಕಡೆಗೆ ನನ್ನ ಒಲವು ಇರುವುದು ಈ ಕಾರಣಕ್ಕೆ. ನಾಲ್ಕನೆಯ ಮತ್ತು ಐದನೆಯ ಎದೆಗಾಲುಗಳಿಲ್ಲ ಎಂದು ಬರೆದಾಗ ಎಲ್ಲಿ ನೋಡಬೇಕೆಂಬುದು ಆ ಹೆಸರಿನಲ್ಲಿಯೇ ಸಿಕ್ಕಿಬಿಡುತ್ತದೆ.

ಆದರೆ ಅದೇ ನಿಯಮವನ್ನು ಹಿಂಭಾಗಕ್ಕೆ ಅನ್ವಯಿಸಲು ಹೋದರೆ ಹೊಟ್ಟೆಗಾಲು ಅಥವಾ ಉದರಗಾಲು ಎನ್ನಬೇಕಾಗುತ್ತದೆ, ನನಗೆ ಬಗೆಹರಿಯದೆ ಉಳಿದಿರುವುದು ಈ ಜಾಗವೇ. ಕನ್ನಡದಲ್ಲಿ ಹೊಟ್ಟೆಯೆಂದರೆ ಅನ್ನ ಸೇರುವ ತಾಣ. ಸಿಗಡಿಯ ಜಠರವಿರುವುದು ಮುಂಭಾಗದ ಬೆನ್ನುಚಿಪ್ಪಿನ ಒಳಗೆ. ಹಿಂಭಾಗದಲ್ಲಿ ಇರುವುದು ಬಹುಪಾಲು ಮಾಂಸ, ಅದರ ಬೆನ್ನಿನುದ್ದಕ್ಕೂ ಸಾಗುವ ಕರುಳಿನ ಒಂದು ಎಳೆ. ಅಡುಗೆಮನೆಯಲ್ಲಿ ನಾರು ಎಂದು ಎಳೆದು ಬಿಸಾಡುವುದು ಆ ಕರುಳನ್ನೇ. ತಿನ್ನುವವರು ಇಡೀ ಹಿಂಭಾಗವನ್ನು ಬಾಲ ಎನ್ನುವುದುಂಟು. ಹಾಗೆಂದರೆ ಕೊನೆಯ ಬಾಲದ ತುಂಡಿಗೂ ಬೀಸಣಿಗೆಗೂ ಬೇರೆ ಹೆಸರು ಹುಡುಕಬೇಕಾಗುತ್ತದೆ. ಹಿಂಗಾಲು ಎಂದರಂತೂ ದನಕರುಗಳ ಹಿಂದಿನ ಕಾಲೇ ಕಣ್ಣಿಗೆ ಬರುತ್ತದೆ. ಸದ್ಯಕ್ಕೆ ಹಿಂದೇಹ, ಹಿಂದೇಹದ ಕಾಲು ಎಂದು ಬರೆದಿದ್ದೇನೆ. ಪದ ಉದ್ದವಾಯಿತು, ಅರ್ಥ ಮಾತ್ರ ಕೆಡಲಿಲ್ಲ.

ಇಲ್ಲ ಎಂಬ ಕ್ರಿಯಾಪದವೂ ಇಲ್ಲಿ ಎಚ್ಚರಿಕೆ ಬೇಡುತ್ತದೆ. ಒಣಗಿದ ಮಾದರಿಗಳಲ್ಲಿ ಕಾಲುಗಳು ಮುರಿದು ಉದುರಿಹೋಗಿರುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಭೂತಗನ್ನಡಿಯಡಿ ನೋಡಿದರೆ ಮುರಿದ ಕಾಲಿನ ಬುಡದ ತುಂಡು ಸಾಮಾನ್ಯವಾಗಿ ಉಳಿದಿರುತ್ತದೆ. ಮೂಡದೇ ಇರುವ ಕಾಲಿಗೆ ಅಂಥ ಬುಡವಿರುವುದಿಲ್ಲ. ಒಣ ಸಿಗಡಿಯ ರಾಶಿಯಲ್ಲಿ ದೊಡ್ಡ ಜಾತಿಯ ಸಿಗಡಿಗಳ ಮರಿಗಳೂ ಬೆರೆತಿರುವುದರಿಂದ ಈ ವ್ಯತ್ಯಾಸವನ್ನು ಬಿಟ್ಟುಕೊಡುವಂತಿಲ್ಲ. ಮೊದಲನೆಯದಕ್ಕೆ ಉದುರಿದೆ, ಎರಡನೆಯದಕ್ಕೆ ಮೂಡಿಲ್ಲ ಎಂದು ಬೇರೆ ಬೇರೆಯಾಗಿ ಬರೆಯುವುದೇ ಸರಿಯೆಂದು ನನ್ನ ದೃಢ ಅಭಿಪ್ರಾಯ. ಎರಡಕ್ಕೂ ಕಾಲಿಲ್ಲ ಎಂದು ಬರೆದರೆ ಕಾಲು ಕಳೆದುಕೊಂಡ ಯಾವ ಮರಿಯಾದರೂ ಜವಳಾ ಎನಿಸಿಕೊಳ್ಳುತ್ತದೆ.

ಕಣ್ಣುಗಳ ನಡುವಿನಿಂದ ಮುಂದಕ್ಕೆ ಚಾಚುವ ರಾಸ್ಟ್ರಮ್‌ಗೆ ಕೆಲವರು ಮೂತಿ ಎಂದು ಬರೆಯುತ್ತಾರೆ. ಬಾಯಿ ಇರುವುದು ಅಡಿಯಲ್ಲಿ, ಇದು ಬೆನ್ನುಚಿಪ್ಪಿನ ಚೂಪಾದ ಮುಂಚಾಚು. ಆದ್ದರಿಂದ ಮೂತಿಯೆಂಬುದು ಸಲ್ಲದು. ಭೀಮೆಯ ಸಿಗಡಿಯಲ್ಲಿ ಇದು ಉದ್ದವಾಗಿ ಗರಗಸದ ಹಲ್ಲುಗಳನ್ನು ಹೊಂದಿದೆ, ಜವಳಾದಲ್ಲಿ ಬಹಳ ಗಿಡ್ಡ. ನೆತ್ತಿಮೊನೆ ಎಂದರೆ ಎರಡಕ್ಕೂ ಒಪ್ಪುತ್ತದೆ. ಇವೆರಡನ್ನು ಅಕ್ಕಪಕ್ಕ ಇಟ್ಟಾಗ ಕಾಣುವ ಇನ್ನೊಂದು ವ್ಯತ್ಯಾಸ ಹಿಂದೇಹದ ಎರಡನೆಯ ಖಂಡದ್ದು: ಭೀಮೆಯ ಸಿಗಡಿಯಲ್ಲಿ ಅದರ ಪಕ್ಕದ ತಟ್ಟೆ ಮುಂದಿನ ಮತ್ತು ಹಿಂದಿನ ಎರಡೂ ತಟ್ಟೆಗಳ ಮೇಲೆ ಹಾಯ್ದಿರುತ್ತದೆ, ಜವಳಾದಲ್ಲಿ ಮೊದಲನೆಯದರ ಮೇಲೆ ಹಾಯುವುದಿಲ್ಲ.

ಕೊನೆಯದಾಗಿ, ಪತ್ರಿಕೆಗಳಲ್ಲಿ ಕ್ರಿಲ್ ಎಂಬ ಪ್ರಾಣಿಯನ್ನೂ ಸಣ್ಣ ಸಿಗಡಿ ಎಂದು ಬರೆಯುವುದನ್ನು ನೋಡುತ್ತೇನೆ. ಸಿಗಡಿಯ ಕಿವಿರುಗಳು ಬೆನ್ನುಚಿಪ್ಪಿನೊಳಗೆ ಮುಚ್ಚಿಕೊಂಡಿರುತ್ತವೆ, ಕ್ರಿಲ್‌ನವು ಹೊರಗೇ ಕಾಣುತ್ತವೆ. ಅದು ಬೇರೆಯೇ ಗಣ. ಅದಕ್ಕೆ ಕ್ರಿಲ್ ಎಂಬ ಹೆಸರನ್ನೇ ಉಳಿಸಿಕೊಳ್ಳುವುದು ಲೇಸು.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಹಿಂದೇಹ ಎಂಬುದಕ್ಕಿಂತ ಚಿಕ್ಕದಾದ, ಹೊಟ್ಟೆಯ ಅರ್ಥವನ್ನು ಎಳೆದು ತಾರದ ಪದವೊಂದು ತಮ್ಮ ಕಡೆಯ ಮಾತಿನಲ್ಲಿ ಇದೆಯೇ? ಭೀಮಾ ದಂಡೆಯ ಮೀನುಗಾರರು, ಅದರಲ್ಲೂ ಯಾದಗಿರಿ ಕಡೆಯವರು, ಸಿಗಡಿಯ ಆ ಭಾಗಕ್ಕೂ ಅದರಡಿಯ ಕಾಲುಗಳಿಗೂ ಏನೆನ್ನುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ದಶಪಾದಿ ಎಂಬ ಗಣದ ಹೆಸರನ್ನು ಆರು ಕಾಲಿನ ಈ ಪ್ರಾಣಿಗೂ ಉಳಿಸಿಕೊಂಡು ಕೆಳಗೆ ವಿವರಣೆ ಕೊಡುವುದು ಸಾಕೇ, ಅಥವಾ ಡೆಕಾಪೋಡಾ ಎಂದೇ ಬರೆಯುವುದು ಮೇಲೇ ಎಂಬುದರ ಬಗೆಗೂ ತಮ್ಮ ಅಭಿಪ್ರಾಯ ಬೇಕಾಗಿದೆ.